ತುಂಗಭದ್ರಾ–ವರದಾ ಸೀಮೆಯ ಜಲಚರಗಳು ಮತ್ತು ಹೊಸ ಪ್ರಭೇದಗಳ ಶೋಧ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳಲ್ಲಿ ಬಿದ್ದ ಮಳೆ ಹಳ್ಳ, ಕೆರೆ, ಕೋಡಿಗಳನ್ನು ದಾಟಿ ಕೊನೆಗೆ ತುಂಗಭದ್ರೆಯನ್ನು ಸೇರುತ್ತದೆ. ಇಲ್ಲಿ ಹರಿಯುವ ನದಿಗಳು ಹುಟ್ಟುವುದು ಮಲೆನಾಡಿನಲ್ಲಿ. ವರದೆ ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ ಗಳಗನಾಥದ ಬಳಿ ತುಂಗಭದ್ರೆಗೆ ಕೂಡುತ್ತದೆ. ಕುಮುದ್ವತಿಯೂ ಶಿವಮೊಗ್ಗ ಜಿಲ್ಲೆಯಿಂದ ಇಳಿದು ಮದಗ ಮಾಸೂರು ಕೆರೆಯನ್ನು ತುಂಬಿಸಿ ರಾಣೆಬೆನ್ನೂರು ಸೀಮೆಗೆ ಬರುತ್ತದೆ. ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ ಐರಣಿ, ಚೌಡದಾನಪುರಗಳ ಪಕ್ಕದಲ್ಲಿ ಹಾಯುತ್ತವೆ. ಈ ನೀರಿನ ಏಡಿ, ಸೀಗಡಿ, ಮೀನು, ಕಪ್ಪೆಚಿಪ್ಪು, ಬಸವನಹುಳುಗಳಲ್ಲಿ ಹಲವಕ್ಕೆ ವಿಜ್ಞಾನದ ಹೆಸರು ಸಿಕ್ಕಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 2000ದ ಈಚೆಗೆ ವಿವರಿಸಲಾದ ಹೊಸ ಪ್ರಭೇದಗಳಲ್ಲಿ ಹೆಚ್ಚಿನವು ಘಟ್ಟದ ತಲೆಯ ತೊರೆಗಳಿಂದ ಬಂದಿವೆ. ನೀರು ಒಂದೇ ಆದರೂ ಹೆಸರುಗಳ ಪಟ್ಟಿ ಮೇಲೆ ಉದ್ದವಾಗಿ ಕೆಳಗೆ ಗಿಡ್ಡವಾಗಿರುವುದಕ್ಕೆ ಜೀವವಿಜ್ಞಾನದ ಕಾರಣವೂ ಇದೆ, ಸಂಶೋಧಕರು ಎಲ್ಲಿ ಬಲೆ ಹಾಕಿದರು ಎಂಬ ಕಾರಣವೂ ಇದೆ.

ಮೊದಲ ಹೆಸರುಗಳು

ದಖ್ಖನಿನ ಸಿಹಿನೀರಿನ ಜೀವಿಗಳನ್ನು ವ್ಯವಸ್ಥಿತವಾಗಿ ವಿವರಿಸಿದ ಮೊದಲಿಗರಲ್ಲಿ ಮುಂಬಯಿ ಸರ್ಕಾರದ ಅಂಕಿಅಂಶ ಅಧಿಕಾರಿ ಕರ್ನಲ್ ಸೈಕ್ಸ್ ಒಬ್ಬ. ಅವನು 1838–41ರ ನಡುವೆ ಪ್ರಕಟಿಸಿದ ಮೀನುಗಳು ಬಹುಪಾಲು ಪುಣೆಯ ಆಸುಪಾಸಿನ ನದಿಗಳವು. ಆ ನದಿಗಳೂ ಕೃಷ್ಣಾ ಕೊಳ್ಳಕ್ಕೇ ಸೇರಿದವಾದ್ದರಿಂದ ಅವನು ಹೆಸರಿಟ್ಟ ಟೋರ್ ಖುದ್ರೀ, ರೋಹ್ಟೀ ಮುಂತಾದವು ತುಂಗಭದ್ರೆಯಲ್ಲೂ ಇವೆ. ಟೋರ್ ಖುದ್ರೀ ಎಂದರೆ ಮಹಸೀರ್. ಶೃಂಗೇರಿಯ ತುಂಗಾ ತೀರದಲ್ಲಿ ಮಂಡಕ್ಕಿಗೆ ಮುಗಿಬೀಳುವ ದೇವರ ಮೀನುಗಳು ಇದೇ ಬಳಗದವು. ದಖ್ಖನಿನ ನೆಲದಲ್ಲಿ ಬಿಲ ತೋಡುವ ಏಡಿಯೊಂದನ್ನು ವೆಸ್ಟ್‌ವುಡ್ 1836ರಲ್ಲಿ ವಿವರಿಸಿದ್ದೂ ಸೈಕ್ಸ್ ಒದಗಿಸಿದ ಸಂಗ್ರಹದಿಂದಲೇ. ಬ್ಯಾರಿಟೆಲ್ಫೂಸ ಕ್ಯುನಿಕ್ಯುಲಾರಿಸ್ ಎಂಬ ಈ ಏಡಿ ದಖ್ಖನ್ ಪ್ರಸ್ಥಭೂಮಿಯ ಉದ್ದಗಲಕ್ಕೂ ಹರಡಿದೆ. ತುಂಗಭದ್ರೆಯ ಮೀನುಗಾರಿಕೆಯನ್ನು ಚಾಕೋ ಮತ್ತು ಕುರಿಯನ್ 1948ರಲ್ಲಿ, ಅಂದರೆ ಹೊಸಪೇಟೆಯ ಅಣೆಕಟ್ಟೆ ಮುಗಿಯುವ ಮೊದಲು, ಸಮೀಕ್ಷೆ ಮಾಡಿ ಪ್ರಕಟಿಸಿದರು.

ಹೊಸ ಪ್ರಭೇದವನ್ನು ವಿವರಿಸುವ ಬಗೆ

ಪ್ರಾಣಿಗಳಿಗೆ ಹೆಸರಿಡುವ ಪದ್ಧತಿ ಲಿನ್ನೇಯಸ್‌ನ 1758ರ ಗ್ರಂಥದಿಂದ ಲೆಕ್ಕಕ್ಕೆ ಬರುತ್ತದೆ. ಅದಕ್ಕೊಂದು ಅಂತರರಾಷ್ಟ್ರೀಯ ಸಂಹಿತೆಯಿದೆ. ಹೊಸದೆಂದು ತೋರಿದ ಪ್ರಾಣಿಯ ಒಂದು ನಮೂನೆಯನ್ನು ಹೋಲೋಟೈಪ್ ಎಂದು ಗುರುತಿಸಿ ಸಂಗ್ರಹಾಲಯದಲ್ಲಿ ಇಡಬೇಕು. ಮುಂದೆ ಆ ಹೆಸರಿನ ಬಗ್ಗೆ ವಾದ ಎದ್ದರೆ ತೀರ್ಮಾನ ಆಗುವುದು ಆ ಒಂದೇ ಒಡಲಿನ ಮೇಲೆ. ಉಳಿದ ನಮೂನೆಗಳು ಪ್ಯಾರಾಟೈಪ್‌ಗಳು. ಬಳಿಕ ಹತ್ತಿರದ ನೆಂಟ ಪ್ರಭೇದಗಳಿಂದ ಇದು ಯಾವುದರಲ್ಲಿ ಬೇರೆ ಎಂಬುದನ್ನು ಅಳತೆ, ಚಿತ್ರ ಸಮೇತ ಬರೆದು ಪ್ರಕಟಿಸಬೇಕು. ಪ್ರಕಟವಾಗುವವರೆಗೆ ಹೆಸರಿಗೆ ಮಾನ್ಯತೆಯಿಲ್ಲ. ಪತ್ರಿಕೆಯ ಸುದ್ದಿ ಪ್ರಕಟಣೆ ಎನಿಸುವುದಿಲ್ಲ.

ಒಂದೊಂದು ಗುಂಪಿನಲ್ಲಿ ನೋಡುವ ಅಂಗ ಒಂದೊಂದು. ಸಿಹಿನೀರಿನ ಏಡಿಗಳಲ್ಲಿ ಗಂಡಿನ ಹೊಟ್ಟೆಯ ಮಡಿಕೆಯ ಕೆಳಗಿರುವ ಮೊದಲ ಜೊತೆ ಸಂಭೋಗಾಂಗದ ಆಕಾರವೇ ಮುಖ್ಯ ಪುರಾವೆ. ಚಿಪ್ಪಿನ ಬಣ್ಣ ಕಣ್ಣಿಗೆ ಎಷ್ಟೇ ಎದ್ದು ಕಂಡರೂ ಮದ್ಯಸಾರದಲ್ಲಿ ಇಟ್ಟೊಡನೆ ಮಾಸತೊಡಗುತ್ತದೆ. ಹೀಗಾಗಿ ಜೀವಂತ ಏಡಿಯ ಫೋಟೊ ಇಲ್ಲದ ಹಳೆಯ ಎಷ್ಟೋ ವಿವರಣೆಗಳಲ್ಲಿ ಬಣ್ಣದ ಮಾತೇ ಇಲ್ಲ. ಮೀನುಗಳಲ್ಲಿ ಪಾರ್ಶ್ವರೇಖೆಯ ಹುರುಪೆಗಳ ಎಣಿಕೆ, ಈಜುರೆಕ್ಕೆಯ ಕಡ್ಡಿಗಳ ಎಣಿಕೆ, ಮೀಸೆಗಳು. ಕಪ್ಪೆಗಳಲ್ಲಿ ಮೈಯ ಅಳತೆಗಳ ಜೊತೆಗೆ ಗಂಡಿನ ಕೂಗಿನ ಧ್ವನಿಮುದ್ರಣ. ಈಚೆಗೆ ಡಿಎನ್‌ಎ ಹೋಲಿಕೆಯೂ ಸೇರಿಕೊಂಡಿದೆ. ಅದರಿಂದ ಒಂದೇ ಎಂದುಕೊಂಡಿದ್ದ ಪ್ರಭೇದ ಎರಡು ಮೂರಾಗಿ ಒಡೆದ ಉದಾಹರಣೆಗಳಿವೆ, ಎರಡೆಂದುಕೊಂಡದ್ದು ಒಂದಾದದ್ದೂ ಇದೆ.

ಬಂಡೆಗೆ ಅಂಟಿದ ಚಿಪ್ಪು

ಈ ಜಲಾನಯನದ ಅತ್ಯಂತ ವಿಚಿತ್ರ ಪ್ರಾಣಿ ಯಾವುದೆಂದು ಕೇಳಿದರೆ ಮೀನನ್ನಾಗಲಿ ಏಡಿಯನ್ನಾಗಲಿ ಹೆಸರಿಸುವಂತಿಲ್ಲ. ಆ ಪಟ್ಟ ಸಲ್ಲಬೇಕಾದದ್ದು ಸೂಡೊಮುಲ್ಲೇರಿಯ ಡಾಲಿಯಿ ಎಂಬ ಸಿಹಿನೀರಿನ ಸಿಂಪಿಗೆ. ಆಗಿನ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯ ಭದ್ರಾ ನದಿಯಲ್ಲಿ ಡಾಲಿ ಎಂಬವರು ಸಂಗ್ರಹಿಸಿ ಕಳಿಸಿದ ಚಿಪ್ಪುಗಳನ್ನು ನೋಡಿ ಬ್ರಿಟಿಷ್ ಮ್ಯೂಸಿಯಂನ ಎಡ್ಗರ್ ಸ್ಮಿತ್ 1898ರಲ್ಲಿ ಇದನ್ನು ವಿವರಿಸಿದ. ಅದೇ ವರ್ಷ ವುಡ್‌ವರ್ಡ್ ಇದರ ಒಳರಚನೆಯನ್ನು ಪ್ರಕಟಿಸಿದ.

ನದಿಯ ಮಾಮೂಲಿ ಕಪ್ಪೆಚಿಪ್ಪು ಮರಳು ಕೆಸರಿನಲ್ಲಿ ಅರ್ಧ ಹೂತುಕೊಂಡು, ಕಾಲಿನಿಂದ ಉಳುತ್ತ ಮೆಲ್ಲಗೆ ಜಾಗ ಬದಲಿಸುತ್ತದೆ. ಇದು ಹಾಗಲ್ಲ. ಎಳೆಯದಾಗಿದ್ದಾಗ ಎರಡೂ ಕವಚ ಸಮನಾಗಿದ್ದು ಬಿಡುವಾಗಿರುತ್ತದೆ. ಬೆಳೆದಂತೆ ಒಂದು ಕವಚವನ್ನು ಬಂಡೆಗೆ ಗಟ್ಟಿಯಾಗಿ ಬೆಸೆದುಕೊಂಡು ಸಾಯುವವರೆಗೆ ಅಲ್ಲೇ ಕೂರುತ್ತದೆ. ನೀರು ಜೋರಾಗಿ ನುಗ್ಗುವ ಕಲ್ಲುಹಾಸಿನ ಜಾಗಗಳೇ ಇದಕ್ಕೆ ಬೇಕು. ಕಡಲಿನ ಸಿಂಪಿ ಬಂಡೆಗೆ ಅಂಟುವುದು ಕರಾವಳಿಯವರಿಗೆ ಹೊಸತೇನಲ್ಲ. ಆದರೆ ಸಿಹಿನೀರಿನಲ್ಲಿ ಹೀಗೆ ಬದುಕುವ ಚಿಪ್ಪುಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು: ಆಫ್ರಿಕದಲ್ಲಿ ಇಥೀರಿಯ, ದಕ್ಷಿಣ ಅಮೆರಿಕದಲ್ಲಿ ಅಕೊಸ್ಟಿಯ, ಬಾರ್ಟ್‌ಲೆಟಿಯ, ಭಾರತದಲ್ಲಿ ಇದೊಂದೇ. ಮೂರೂ ಭೂಖಂಡಗಳ ಚಿಪ್ಪುಗಳು ಒಂದೇ ಮನೆತನದವೆಂದೂ, ಖಂಡಗಳು ಒಡೆಯುವ ಮುಂಚಿನಿಂದ ಉಳಿದವೆಂದೂ ಬಹುಕಾಲ ನಂಬಲಾಗಿತ್ತು. ಬೋಗನ್ ಮತ್ತು ಹೋ 2000ದಲ್ಲಿ ಪ್ರಕಟಿಸಿದ ಡಿಎನ್‌ಎ ಅಧ್ಯಯನ ಆ ಸುಂದರ ಕಥೆಯನ್ನು ಕೆಡಿಸಿತು. ಭಾರತದ ಸಿಂಪಿಯ ರಕ್ತಸಂಬಂಧ ಇಥೀರಿಯದೊಂದಿಗೆ ಇರದೆ ನಮ್ಮದೇ ನದಿಗಳ ಸಾಮಾನ್ಯ ಕಪ್ಪೆಚಿಪ್ಪುಗಳ ಕುಟುಂಬದೊಂದಿಗೆ ಇತ್ತು. ಬಂಡೆಗೆ ಅಂಟುವ ಗುಣ ಬೇರೆ ಬೇರೆ ಕಡೆ ಪ್ರತ್ಯೇಕವಾಗಿ ಹುಟ್ಟಿತ್ತು ಎಂದಾಯಿತು.

ಮೃದ್ವಂಗಿಗಳ ತಜ್ಞ ಎನ್. ಎ. ಮಧ್ಯಸ್ಥ 2001ರಲ್ಲಿ ತುಂಗಾ ನದಿಯಲ್ಲಿ ಈ ಸಿಂಪಿ ಇನ್ನೂ ಬದುಕಿದೆ ಎಂದು ವರದಿ ಮಾಡಿದರು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಇದನ್ನು ಅಪಾಯದಂಚಿನ ಪ್ರಭೇದಗಳ ಪಟ್ಟಿಯಲ್ಲಿ ಇಟ್ಟಿದೆ. ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಅಣೆಕಟ್ಟೆಯ ಹಿನ್ನೀರು ಹರಿವ ನೀರನ್ನು ನಿಂತ ನೀರಾಗಿಸುತ್ತದೆ, ಹೂಳು ಬಂಡೆಯನ್ನು ಮುಚ್ಚುತ್ತದೆ, ಮತ್ತು ಅಂಟಿಕೊಂಡ ಪ್ರಾಣಿ ಎದ್ದು ಹೋಗಲಾರದು. ಈ ಕುಟುಂಬದ ಕಪ್ಪೆಚಿಪ್ಪುಗಳ ಮರಿಗಳು ಮೊದಲ ದಿನಗಳನ್ನು ಮೀನಿನ ಕಿವಿರು ಅಥವಾ ಈಜುರೆಕ್ಕೆಗೆ ಕಚ್ಚಿಕೊಂಡು ಕಳೆಯುತ್ತವೆ. ಆದ್ದರಿಂದ ಮೀನಿಗೆ ಬಂದ ಕುತ್ತು ಚಿಪ್ಪಿಗೂ ತಟ್ಟುತ್ತದೆ.

ಏಡಿಗಳು: ಕಣಿವೆಗೊಂದು

ಕಡಲ ಏಡಿಯ ಸಣ್ಣ ಮೊಟ್ಟೆಗಳಿಂದ ಹೊರಬರುವ ಲಾರ್ವಾಗಳು ವಾರಗಟ್ಟಲೆ ತೇಲಿ ನೂರಾರು ಮೈಲಿ ಹರಡಬಲ್ಲವು. ಸಿಹಿನೀರಿನ ಏಡಿಗೆ ಆ ಹಂತವೇ ಇಲ್ಲ. ಅದರ ಮೊಟ್ಟೆಗಳು ದಪ್ಪ, ಸಂಖ್ಯೆಯಲ್ಲಿ ಕಡಿಮೆ. ಒಡೆದಾಗ ಹೊರಬರುವುದು ಪುಟ್ಟ ಏಡಿಮರಿ. ತಾಯಿ ಅವನ್ನು ಹೊಟ್ಟೆಯ ಮಡಿಕೆಯಲ್ಲಿ ಹೊತ್ತು ತಿರುಗಿ, ಮಳೆಗಾಲದಲ್ಲಿ ಹತ್ತಿರದಲ್ಲೇ ಬಿಡುತ್ತದೆ. ಹೀಗೆ ಹುಟ್ಟಿದ ಕಣಿವೆ ಬಿಟ್ಟು ಹೋಗದ ಏಡಿಗಳು ನಡುವೆ ಒಂದು ಗುಡ್ಡ ಅಡ್ಡ ಬಂದರೂ ಸಾವಿರಾರು ತಲೆಮಾರುಗಳಲ್ಲಿ ಬೇರೆ ಬೇರೆ ಪ್ರಭೇದಗಳಾಗುತ್ತವೆ. ಭಾರತದಲ್ಲಿ ನೂರಕ್ಕೂ ಹೆಚ್ಚು ಸಿಹಿನೀರಿನ ಏಡಿಗಳಿರುವುದಕ್ಕೂ, ಪಶ್ಚಿಮ ಘಟ್ಟದಿಂದ ಹೊಸವು ಬರುತ್ತಲೇ ಇರುವುದಕ್ಕೂ ಇದು ಮೂಲ ಕಾರಣ.

ಘಟ್ಟದ ಹೆಸರನ್ನೇ ಹೊತ್ತ ಘಾಟಿಯಾನ ಕುಲವನ್ನು ಸಮೀರ್ ಕುಮಾರ್ ಪತಿ ಮತ್ತು ಶರ್ಮಾ 2014ರಲ್ಲಿ ಸ್ಥಾಪಿಸಿದರು. ಇದರ ಬಣ್ಣಬಣ್ಣದ ಏಡಿಗಳಲ್ಲಿ ಕನ್ನಡಿಗರಿಗೆ ಪರಿಚಿತವಾದದ್ದು ಘಾಟಿಯಾನ ದ್ವಿವರ್ಣ. ಬಿಳಿ ಮೈ, ನೇರಳೆಗೆಂಪು ಕಾಲುಗಳ ಈ ಏಡಿ ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನ ಬಾರೆ ಸುತ್ತಿನ ಕಲ್ಲಿನ ಪೊಟರೆಗಳಲ್ಲಿ ವಾಸಿಸುತ್ತದೆ. 2022ರಲ್ಲಿ ಇದನ್ನು ವಿವರಿಸಿದವರು ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಸಮೀರ್ ಕುಮಾರ್ ಪತಿ, ಅರಣ್ಯ ರಕ್ಷಕ ಪರಶುರಾಮ ಭಜಂತ್ರಿ ಮತ್ತು ನಿಸರ್ಗಪ್ರಿಯ ಗೋಪಾಲಕೃಷ್ಣ ಹೆಗಡೆ. ಮೂವರಲ್ಲಿ ಒಬ್ಬರಷ್ಟೇ ವೃತ್ತಿಯಿಂದ ವರ್ಗೀಕರಣಕಾರರು ಎಂಬುದು ಗಮನಿಸಬೇಕಾದ ಸಂಗತಿ. ದಿನವೂ ಒಂದೇ ಕಾಡಿನಲ್ಲಿ ತಿರುಗುವವರ ಕಣ್ಣು, ವರ್ಷಕ್ಕೊಮ್ಮೆ ಬರುವ ತಜ್ಞರಿಗೆ ಕಾಣದ್ದನ್ನು ಕಾಣುತ್ತದೆ.

ಮೀನು, ಕಪ್ಪೆ, ಬಸವನಹುಳು

ಮೀನುಗಳ ಪೈಕಿ ಹಾವೇರಿ ಸೀಮೆಯ ನೀರಿಗೆ ನೇರ ಸಂಬಂಧಿಸಿದ ಹೊಸ ಪ್ರಭೇದ ಪೇಥಿಯ ಸ್ಟ್ರಿಯೇಟ. ಕುದುರೆಮುಖದ ತುಂಗಾ ತೊರೆಯಿಂದ 2015ರಲ್ಲಿ ವಿದ್ಯಾಧರ ಅಟ್ಕೋರೆ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ವರದೆಯ ನೆರೆಯ ಶರಾವತಿ ಕೊಳ್ಳದಿಂದ ಬಟಾಸಿಯೊ ಶರಾವತಿಯೆನ್ಸಿಸ್ 2004ರಲ್ಲಿ, ಶಿಸ್ಟೂರ ನಾಗೋಡಿಯೆನ್ಸಿಸ್ ಮತ್ತು ಶಿಸ್ಟೂರ ಶರಾವತಿಯೆನ್ಸಿಸ್ 2006ರಲ್ಲಿ ಬಂದವು. ಆಗುಂಬೆಯ ಪಡುವಲಿಗೆ ಇಳಿಯುವ ಸೀತಾ ನದಿಯ ಬೆಟಾಡೆವಾರಿಯೊ ರಾಮಚಂದ್ರನಿ 2010ರಲ್ಲಿ ಹೊಸ ಪ್ರಭೇದವಷ್ಟೇ ಆಗದೆ ಹೊಸ ಕುಲವೇ ಆಯಿತು.

ಕಪ್ಪೆಗಳಲ್ಲಿ ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ವಿವರಿಸಿದ ನಿಕ್ಟಿಬ್ಯಾಟ್ರಾಕಸ್ ಕುಂಬಾರ ಹೆಸರಾಯಿತು. ತೊರೆಯ ಮೇಲೆ ಚಾಚಿದ ಕಡ್ಡಿಗಳಿಗೆ ಅಂಟಿದ ಮೊಟ್ಟೆಗಳಿಗೆ ಗಂಡು ತನ್ನ ಮುಂಗೈಯಿಂದ ಕೆಸರು ಮೆತ್ತುತ್ತದೆ. ಕುಮಟಾ ಕಡೆಯ ಕರಾವಳಿ ಬಯಲಿನ ಕರಾವಳಿ ಕಪ್ಪೆ (2016) ಪತ್ತೆಯಾಗಿದ್ದು ಕೂಗಿನಿಂದ. ಅದು ಮಿಂಚುಳ್ಳಿಯ ಕೂಗಿನಂತಿತ್ತು.

ಕಡಲಿಗೂ ಈ ಬೆಟ್ಟಗಳಿಗೂ ಇರುವ ನಂಟನ್ನು ತೋರಿಸುವುದು ಕ್ರೆಮ್ನೊಕಾಂಕಸ್ ಬಸವನಹುಳು. ಇದರ ಕುಟುಂಬದ ಉಳಿದೆಲ್ಲ ಕುಲಗಳೂ ಕಡಲಂಚಿನವು. ಇದೊಂದು ಮಾತ್ರ ಪಶ್ಚಿಮ ಘಟ್ಟದ ಜಲಪಾತಗಳ ತುಂತುರು ತಾಗುವ ಬಂಡೆಗಳಲ್ಲಿ ನೆಲೆಸಿದೆ. ರೀಡ್, ಅರವಿಂದ್ ಮತ್ತು ಮಧ್ಯಸ್ಥ 2013ರಲ್ಲಿ ಇದರ ಆರು ಹೊಸ ಪ್ರಭೇದಗಳನ್ನು ವಿವರಿಸಿದರು. ಒಂದರ ಹೆಸರಿನಲ್ಲಿ ಆಗುಂಬೆಯಿದೆ.

ಬಯಲಿನ ನೀರು

ಮಲೆನಾಡಿನ ತೊರೆ ಬಯಲಿಗಿಳಿದು ಅಗಲವಾದಾಗ ಕಣಿವೆಗೊಂದು ಪ್ರಭೇದ ಎಂಬ ಲೆಕ್ಕ ನಿಲ್ಲುತ್ತದೆ. ಪ್ರವಾಹ ಬಂದಾಗ ನದಿ, ಹಳ್ಳ, ಕೆರೆಗಳೆಲ್ಲ ಒಂದಾಗುವುದರಿಂದ ಇಲ್ಲಿನ ಬಾಳೆ ಮೀನು, ಕೊರವ, ಚೇಳು ಮೀನು, ಬಿಲದ ಏಡಿಗಳು ದೂರದೂರಕ್ಕೆ ಹರಡಿದ ಪ್ರಭೇದಗಳು. ಕೆರೆಗಳಲ್ಲಿ ಬಿತ್ತನೆ ಮಾಡುವ ಕಾಟ್ಲಾ, ರೋಹು, ಮೃಗಾಲ್‌ಗಳಂತೂ ಗಂಗಾ ಬಯಲಿನಿಂದ ತಂದವು. ಆದರೂ ಬಯಲಿನಲ್ಲಿ ಹೊಸದೇನೂ ಇಲ್ಲವೆಂದು ತೀರ್ಮಾನಿಸುವುದು ತಪ್ಪು. ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ಬತ್ತುವ ಹೊಂಡಗಳಲ್ಲಿ ಬೆನ್ನು ಕೆಳಗಾಗಿ ಈಜುವ ಫೇರಿ ಸೀಗಡಿಗಳಿರುತ್ತವೆ. ಇವುಗಳ ಮೊಟ್ಟೆ ಒಣಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು ನೀರು ತಾಗಿದಾಗ ಒಡೆಯುತ್ತದೆ. ಸಹ್ಯಾದ್ರಿಯ ಹೆಸರಿನ ಸ್ಟ್ರೆಪ್ಟೊಸೆಫಾಲಸ್ ಸಹ್ಯಾದ್ರಿಯೆನ್ಸಿಸ್ ವಿವರಣೆಗೆ ಬಂದದ್ದು 2014ರಲ್ಲಷ್ಟೇ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನು ಜಿಂಕೆ, ಎರ್ಲಡ್ಡು ಹಕ್ಕಿಗಳಿಗಾಗಿ ನೋಡಿದವರು ಬಹಳ; ಅಲ್ಲಿನ ಮಳೆಹೊಂಡಗಳಿಗೆ ಸೂಕ್ಷ್ಮ ಬಲೆ ಹಾಕುವುದೂ ಅಷ್ಟೇ ಯೋಗ್ಯ ಕೆಲಸ.

ಬಯಲಿನ ನದಿಗೆ ಬಂದ ತೊಂದರೆಗಳು ಗುಟ್ಟಲ್ಲ. ತುಂಗಭದ್ರೆ, ವರದೆಗಳಲ್ಲಿ ಮರಳು ತೆಗೆಯುವುದು ಕಪ್ಪೆಚಿಪ್ಪುಗಳ ನೆಲೆಯನ್ನೇ ಎತ್ತಿಕೊಂಡು ಹೋಗುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ ಕೈಗಾರಿಕಾ ತ್ಯಾಜ್ಯದಿಂದ ನದಿ ಕೆಟ್ಟು ಮೀನು ಸತ್ತ ವಿಷಯವನ್ನು 1980ರ ದಶಕದಲ್ಲಿ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೋರಾಟವಾಗಿ ಎತ್ತಿಕೊಂಡಿತು. ನದಿದಂಡೆಯ ಮೀನುಗಾರರೂ ರೈತರೂ ಅದರಲ್ಲಿದ್ದರು.

ಹೊಸ ಪ್ರಭೇದ ಸಿಕ್ಕರೆ ಕಾನೂನಿನ ಕ್ರಮವೂ ಒಂದಿದೆ. ಜೈವಿಕ ವೈವಿಧ್ಯ ಕಾಯ್ದೆ, 2002ರ 39ನೇ ಕಲಮಿನಂತೆ ಶೋಧಿಸಿದವರು ಅದನ್ನು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ ನಮೂನೆಯನ್ನು ಅಲ್ಲಿ ಒಪ್ಪಿಸಬೇಕು. ಪ್ರಾಣಿಗಳ ಮಟ್ಟಿಗೆ 1916ರಲ್ಲಿ ಕೋಲ್ಕತ್ತದಲ್ಲಿ ಸ್ಥಾಪನೆಯಾದ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಇಂಥ ಭಂಡಾರ. ಅದೇ ಕಾಯ್ದೆಯಡಿ ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಇಡಬೇಕು. ಮೀನು, ಏಡಿ, ಚಿಪ್ಪುಗಳಿಗೆ ಊರವರು ಕರೆಯುವ ಹೆಸರು, ಅವು ಸಿಗುವ ಜಾಗ ಮತ್ತು ಕಾಲ ಅದರಲ್ಲಿ ಸೇರಬೇಕಾದ ವಿವರಗಳು.