ಗಾಜಿನ ಬೋಗುಣಿಯೊಳಗಣ ಕೆರೆ

ಕಡೂರನ್ನು ಬಿಟ್ಟು ಬೀರೂರಿಗೆ ಬಂದ ರೈಲುಪ್ರಯಾಣಿಕನ ಮುಂದೆ ಎರಡು ದಾರಿಗಳುಂಟು. ಒಂದು ತರೀಕೆರೆಯ ಕಡೆಗೆ, ಇನ್ನೊಂದು ಅಜ್ಜಂಪುರದ ಕಡೆಗೆ. ಎರಡೂ ಕೆರೆಗಳ ನಾಡೇ. ತರೀಕೆರೆಯ ಏರಿಯಂತೂ ಕರಿಯ ಕುರಿಮರಿಗಳ ನೆವದಿಂದ ಕನ್ನಡ ಮಕ್ಕಳೆಲ್ಲರ ನಾಲಗೆಯನ್ನು ತೊಡರಿಸಿ ಪ್ರಸಿದ್ಧವಾಗಿದೆ.

ಆ ಕಡೆಯ ಕೆರೆಯೊಂದರಿಂದ ನಾವು ಒಮ್ಮೆ ನಾಲ್ಕು ನೀರುಬಸವನಹುಳುಗಳನ್ನೂ ಒಂದು ಹಿಡಿ ನೀರುಗಿಡವನ್ನೂ ತಂದು, ಗಾಜಿನ ಬೋಗುಣಿಯಲ್ಲಿ ಮರಳು ಹಾಸಿ ಗಿಡವನ್ನು ನೆಟ್ಟು, ಓದುವ ಮೇಜಿನ ಮೇಲಿರಿಸಿದೆವು. ಮನೆಯವರು ನಕ್ಕರು. ಆದರೆ ಈ ಮಕ್ಕಳಾಟಕ್ಕೂ ಒಂದು ಚರಿತ್ರೆಯುಂಟು.

1849ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ಎಂಬಾತನು ಗಾಜಿನ ಪಾತ್ರೆಯೊಂದರಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನೂ ಇಟ್ಟು, ನೀರನ್ನು ಬದಲಿಸದೆ ಇವು ಬಾಳಬಲ್ಲವೇ ಎಂದು ಪರೀಕ್ಷಿಸತೊಡಗಿದನು. ಮೀನು ಬಿಟ್ಟ ಇಂಗಾಲಾಮ್ಲವನ್ನು ಗಿಡವು ಹೀರಿ ಪ್ರಾಣವಾಯುವನ್ನು ಹಿಂದಿರುಗಿಸಬೇಕೆಂಬುದು ಅವನ ಲೆಕ್ಕ. ಲೆಕ್ಕ ತಪ್ಪಿತು. ಕೊಳೆತ ಎಲೆಗಳಿಂದ ನೀರು ಕದಡಿ, ಗಾಜಿಗೆ ಹಸಿರು ಲೋಳೆ ಕಟ್ಟಿತು. ಆಗ ಅವನು ಕೆಲವು ಬಸವನಹುಳುಗಳನ್ನು ಬಿಟ್ಟನು. ಅವು ಕೊಳೆಯನ್ನೂ ಲೋಳೆಯನ್ನೂ ಮೇದುವು. ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು. 1850ರಲ್ಲಿ ಈ ವೃತ್ತಾಂತವು ರಸಾಯನ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೂ ಇದರಲ್ಲಿ ದುಡಿಯುವುವೆಂಬುದನ್ನು ನಾವಿಂದು ಬಲ್ಲೆವು.

ನಮ್ಮ ಬೋಗುಣಿಯವು ಚಪ್ಪಟೆಯಾಗಿ ಸುತ್ತಿದ ಚಿಪ್ಪಿನ ಇಂಡೋಪ್ಲನೋರ್ಬಿಸ್ ಜಾತಿಯವು. ಆಗಾಗ್ಗೆ ಮೇಲೆ ಬಂದು ಗಾಳಿ ಸೇವಿಸುವುವು. ನಮ್ಮಂತೆ ಇವುಗಳ ರಕ್ತವೂ ಕೆಂಪು. ಒಂದೇ ಪ್ರಾಣಿಯಲ್ಲಿ ಹೆಣ್ಣುಗಂಡುಗಳೆರಡೂ ಇರುವುದರಿಂದ ವಂಶವೃದ್ಧಿಗೆ ತಡವಿಲ್ಲ. ಎಲೆಗಂಟಿದ ಲೋಳೆಯ ಗುಂಪಿನಲ್ಲಿ ಮೊಟ್ಟೆಗಳು ಕಂಡುವು, ನಾಲ್ಕು ಹೋಗಿ ನಲವತ್ತಾದುವು. ಹೆಚ್ಚಾದುದನ್ನು ಅಜ್ಜಂಪುರದ ಬಳಿಯ ಕೆರೆಯೊಂದಕ್ಕೆ ಸುರಿಯಹೊರಟಾಗ, ಪಶುವೈದ್ಯರಾದ ಮಿತ್ರರೊಬ್ಬರು "ಆ ಕೆಲಸ ಮಾತ್ರ ಮಾಡಬೇಡಿ, ಸ್ವಾಮಿ" ಎಂದು ತಡೆದರು.

ಅಜ್ಜಂಪುರವೆಂದರೆ ಅಮೃತಮಹಲ್ ದನಗಳ ಊರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲೆಂಬ ಹೆಸರನ್ನು ಪಡೆಯಿತು; ಆ ತಳಿಯ ಸಂವರ್ಧನ ಕೇಂದ್ರವು ಇಂದಿಗೂ ಅಲ್ಲಿದೆ. ದನಗಳ ಮೂಗಿನ ರಕ್ತನಾಳಗಳಲ್ಲಿ ನೆಲೆಸಿ ಗೊರಕೆ ರೋಗವನ್ನುಂಟುಮಾಡುವ ಹುಳುವೊಂದನ್ನು ಮದರಾಸಿನ ಎಂ. ಅನಂತನಾರಾಯಣ ರಾಯರು 1933ರಲ್ಲಿ ವರ್ಣಿಸಿದರು. ಅದರ ಮೊಟ್ಟೆ ಸಿಂಬಳದೊಡನೆ ನೀರಿಗಿಳಿದು ಮರಿಯಾಗುತ್ತದೆ. ಮರಿಯು ಈ ನಮ್ಮ ಚಪ್ಪಟೆ ಹುಳುವಿನ ಮೈಯಲ್ಲಿ ಹೊಕ್ಕು ಬೆಳೆದು ನೂರ್ಮಡಿಸಿ, ಮತ್ತೆ ನೀರಿಗೆ ಬಂದು, ಕೆರೆಯಲ್ಲಿ ನಿಂತ ದನದ ಚರ್ಮವನ್ನು ಕೊರೆದು ಒಳಸೇರುತ್ತದೆ. ತಲೆಯ ಮೇಲಣ ಕೊಂಬುಗಳಂತಹ ಮೀಸೆಗಳನ್ನು ಕಂಡು ನಮ್ಮ ಹಿರಿಯರು ಬಸವನ ಹೆಸರಿಟ್ಟರೆಂದು ತೋರುತ್ತದೆ. ಆ ಹೆಸರಿನ ಪ್ರಾಣಿಯೇ ಬಸವನಿಗೆ ಕೇಡು ತರುವುದೆಂದು ಅವರು ಹೇಗೆ ಬಲ್ಲರು!

ಈ ಹುಳುವಿನ ಸೋಂಕು ಬಸವನಹುಳುವಿನ ಮೊಟ್ಟೆಯ ಮೂಲಕ ಮರಿಗೆ ಇಳಿಯುವುದಿಲ್ಲ. ಆದಕಾರಣ ಕೆರೆಯಿಂದ ತಂದ ನಾಲ್ಕನ್ನೂ ಹೆಚ್ಚಾದವುಗಳನ್ನೂ ಕುದಿನೀರಿಗೆ ಹಾಕಿ, ಬೋಗುಣಿಯ ಹಳೆಯ ನೀರನ್ನು ಒಣನೆಲಕ್ಕೆ ಚೆಲ್ಲಿದೆವು. ಬೋಗುಣಿಯಲ್ಲಿಯೇ ಹುಟ್ಟಿದ ಐದು ಹುಳುಗಳು ಮೇಜಿನ ಮೇಲೆ ಗಾಜನ್ನು ಮೇಯುತ್ತಿವೆ.