ಶಿರಸಿ, ಸಿದ್ದಾಪುರ, ಯಲ್ಲಾಪುರ: ಪ್ರೌಢಶಾಲಾ ಮಕ್ಕಳಿಗೆ ಸಂಗೀತ ಕಲಿಕೆ

ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳಲ್ಲಿ ಸಂಗೀತಕ್ಕೆ ಬಡತನವಿಲ್ಲ. ಆದರೂ ಎಂಟು, ಒಂಬತ್ತನೆಯ ತರಗತಿಯ ಎಷ್ಟೋ ಮಕ್ಕಳಿಗೆ ಅದು ದಕ್ಕುತ್ತಿಲ್ಲ. ಯಾವ ಕಲಿಕೆಗೆ ಅವಕಾಶವಿದೆ, ಕೂಡಿ ಹಾಡಲು, ನುಡಿಸಲು ದಾರಿ ಯಾವುದು ಎಂಬ ವಿವರವನ್ನು ಪಾಲಕರ ಹಾಗೂ ಶಿಕ್ಷಕರ ಅನುಕೂಲಕ್ಕಾಗಿ ಇಲ್ಲಿ ಕೊಟ್ಟಿದ್ದೇವೆ.

ಹಿಂದುಸ್ತಾನಿ ಸಂಗೀತ

ಇಲ್ಲಿ ಹಿಂದುಸ್ತಾನಿ ಪದ್ಧತಿ ಬಹುಕಾಲದಿಂದ ರೂಢಿಯಲ್ಲಿದೆ. ಪಂ. ಬಸವರಾಜ ರಾಜಗುರು ಅವರ ಶಿಷ್ಯರಾದ ಪಂ. ಗಣಪತಿ ಭಟ್ ಹಾಸಣಗಿ ಯಲ್ಲಾಪುರ ಸೀಮೆಯವರು. ಗಾಯನ, ಹಾರ್ಮೋನಿಯಂ, ತಬಲಾ ಕಲಿಯುವವರು ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗೆ ಕೂರಬಹುದು. ಮೊದಲ ಮೆಟ್ಟಿಲು ಪ್ರಾರಂಭಿಕ, ನಂತರ ಪ್ರವೇಶಿಕಾ ಪ್ರಥಮ ಮತ್ತು ಪ್ರವೇಶಿಕಾ ಪೂರ್ಣ. ಈ ವಯಸ್ಸಿನಲ್ಲಿ ಹುಡುಗರ ಕಂಠ ಒಡೆಯುತ್ತದೆ. ಆಗ ಶ್ರುತಿ ಇಳಿಸಿ ಹಾಡಿಸಬೇಕು. ಬೇಕಿದ್ದರೆ ಕೆಲಕಾಲ ತಬಲಾ ಕಲಿಸಬಹುದು. ಪಾಠವನ್ನೇ ಬಿಡಿಸಬಾರದು.

ಯಕ್ಷಗಾನ ಮತ್ತು ಡಮಾಮಿ

ಬಡಗುತಿಟ್ಟಿನ ಹಿಮ್ಮೇಳದಲ್ಲಿ ಭಾಗವತಿಕೆ, ಮದ್ದಳೆ, ಚಂಡೆ ಮೂರೂ ಒಂದನ್ನೊಂದು ಕೇಳಿಕೊಂಡೇ ನಡೆಯಬೇಕು. ಕೆರೆಮನೆ ಮೇಳದಲ್ಲಿ ಹಾಡಿ ಹೆಸರಾದ ನೆಬ್ಬೂರು ನಾರಾಯಣ ಭಾಗವತರು ಶಿರಸಿ ಸೀಮೆಯವರು. ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಡಮಾಮಿ ವಾದ್ಯವಿದೆ. ಸಿದ್ದಿಗಳಲ್ಲಿ ಕ್ರೈಸ್ತರು, ಹಿಂದೂಗಳು, ಮುಸ್ಲಿಮರು ಎಲ್ಲರೂ ಇದ್ದಾರೆ. ಮನೆಯಲ್ಲಿ ಡಮಾಮಿ ಕೇಳಿ ಬೆಳೆದ ಮಗುವಿಗೆ ಶಾಲೆಯಲ್ಲಿ ಅದನ್ನು ನುಡಿಸಲು ಸಂಕೋಚವಾಗದಂತೆ ನೋಡಿಕೊಳ್ಳುವುದು ಶಿಕ್ಷಕರ ಹೊಣೆ.

ದೇವಾಲಯದ ಗಾಯನ ವೃಂದ

ಎರಡನೇ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಸಂವಿಧಾನದ 115ನೇ ಕಲಮು, ಕಥೋಲಿಕ ಶಾಲೆಗಳಲ್ಲಿಯೂ ಸಂಗೀತ ಬೋಧನೆಗೆ ಮಹತ್ವ ಕೊಡಬೇಕೆಂದು ಹೇಳುತ್ತದೆ. 119ನೇ ಕಲಮು ಜನಾಂಗಗಳ ಸ್ವಂತ ಸಂಗೀತ ಪರಂಪರೆಯನ್ನು ಗೌರವಿಸಲು ತಿಳಿಸುತ್ತದೆ. ಭಾನುವಾರದ ಬಲಿಪೂಜೆಯ ಗಾಯನ ವೃಂದವು ಮಗುವಿಗೆ ಶುಲ್ಕವಿಲ್ಲದೆ ಪ್ರತಿ ವಾರ ಕೂಡಿ ಹಾಡುವ ಅವಕಾಶ.

ಪ್ರತಿಭಾ ಕಾರಂಜಿ

ಶಿಕ್ಷಣ ಇಲಾಖೆಯ ಈ ಸ್ಪರ್ಧೆಯಲ್ಲಿ ಭಾವಗೀತೆ, ಜನಪದ ಗೀತೆ, ಕವ್ವಾಲಿ ಮುಂತಾದ ವಿಭಾಗಗಳಿವೆ. ಆದರೆ ಸ್ಪರ್ಧೆಗೆ ಹದಿನೈದು ದಿನ ಮುಂಚೆ ಮಾತ್ರ ತಂಡ ಕಟ್ಟಿದರೆ ಅದು ಕಲಿಕೆಯಾಗುವುದಿಲ್ಲ.

ನಿಜವಾದ ತೊಡಕು

ತೊಡಕು ಇರುವುದು ಬಸ್ಸಿನಲ್ಲಿ. ಸಂಗೀತ ಪಾಠ ಸಾಮಾನ್ಯವಾಗಿ ಪೇಟೆಯಲ್ಲಿ, ಸಂಜೆ ಹೊತ್ತು. ಹಳ್ಳಿಯ ಮಗು ಪಾಠಕ್ಕೆ ನಿಂತರೆ ಊರಿನ ಬಸ್ಸು ತಪ್ಪುತ್ತದೆ. ಮಳೆಗಾಲದಲ್ಲಿ ಕಾಡುದಾರಿಯಲ್ಲಿ ಕತ್ತಲೆಗೆ ನಡೆಯಬೇಕು. ಹೆಣ್ಣುಮಕ್ಕಳ ಪಾಠ ನಿಲ್ಲುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಎಲ್ಲ ಪ್ರೌಢಶಾಲೆಗಳಲ್ಲಿ ಸಂಗೀತ ಶಿಕ್ಷಕರೂ ಇಲ್ಲ.

ಇದಕ್ಕೆ ಸುಲಭದ ಉಪಾಯ ಶನಿವಾರ. ಅಂದು ಬೆಳಗಿನ ಶಾಲೆ ಬಿಟ್ಟ ಮೇಲೆ ಎರಡು ತಾಸು ಶಾಲೆಯಲ್ಲಿಯೋ ಧರ್ಮಕೇಂದ್ರದ ಸಭಾಂಗಣದಲ್ಲಿಯೋ ಜಾತಿ ಮತ ನೋಡದೆ ಪಾಠ ನಡೆಸಬಹುದು. ಮಕ್ಕಳು ಹಗಲಿನ ಬಸ್ಸಿಗೇ ಮನೆ ಸೇರುತ್ತಾರೆ. ಒಂದು ಹಾರ್ಮೋನಿಯಂ, ಒಂದು ಜೊತೆ ತಬಲಾ ಸಾಕು. ಮಳೆಗಾಲದ ತೇವಕ್ಕೆ ತಬಲಾದ ಚರ್ಮ ಸಡಿಲಾಗುವುದರಿಂದ ಅದನ್ನು ಬೆಚ್ಚಗಿನ ಜಾಗದಲ್ಲಿಡಬೇಕು.

ಹತ್ತನೆಯ ತರಗತಿ ಬಂದೊಡನೆ ಹಲವು ಮನೆಗಳಲ್ಲಿ ಸಂಗೀತವನ್ನು ಬದಿಗಿಡುತ್ತಾರೆ. ಆದ್ದರಿಂದ ಎಂಟು ಮತ್ತು ಒಂಬತ್ತು, ಈ ಎರಡು ವರ್ಷಗಳೇ ಮುಖ್ಯ. ನಮ್ಮ ಧರ್ಮಕೇಂದ್ರಗಳಲ್ಲಿ ವಾರವಿಡೀ ಬೀಗ ಹಾಕಿಟ್ಟ ಹಾರ್ಮೋನಿಯಂ ಇದ್ದರೆ, ಈ ಶನಿವಾರವೇ ಅದನ್ನು ಹೊರತೆಗೆಯೋಣ.