ಹೇಳಿದ್ದೇ ಬರೀಬೇಕು, ಬರೆದದ್ದು ಓದಿ ಹೇಳಬೇಕು

ಗೆಳೆಯರೇ, ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಸಂತೆಯೊಳಗೆ ಕೇಳಿಬರುತ್ತವೆ. ಸಂತೆಯಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ಶುರುವಾಗೋದು ಕಚೇರಿಯಲ್ಲಿ, ಪೆನ್ನು ಹಿಡಿದವರ ಮುಂದೆ ನಿಂತಾಗ. ಮನೆಯ ಮಾತು ಒಂದು, ಕಚೇರಿಯ ಬರಹ ಇನ್ನೊಂದು. ಇದಕ್ಕೊಂದು ಇತಿಹಾಸ ಇದೆ, ಅದು ನಿಮಗೆ ಗೊತ್ತಿರಬೇಕು.

ನಿಜಾಮರ ಕಾಲದಲ್ಲಿ ಆಡಳಿತದ ಭಾಷೆ ಉರ್ದು. ಊರೊಳಗೆ ಮಾಲಿ ಪಟೇಲ, ಪೊಲೀಸ್ ಪಟೇಲ, ಪಟವಾರಿ. ಈ ಹುದ್ದೆಗಳು ಅಪ್ಪನಿಂದ ಮಗನಿಗೆ. ಹೊಲದ ಲೆಕ್ಕ, ಕಂದಾಯದ ಲೆಕ್ಕ ಎಲ್ಲಾ ಪಟವಾರಿಯ ಕೈಯಲ್ಲಿ. ನಮ್ಮ ಹಿರಿಯರ ಪಾಲಿಗೆ ಬಂದದ್ದು ಶೇತ್‌ಸಿಂಧಿ, ನೀರಡಿ, ಬೇಗಾರಿ ಕೆಲಸ. ಅಂದ್ರೆ ಗಂಟು ಹೊರೋದು, ಕೆರೆ ನೀರು ಬಿಡೋದು, ಕರೆದಾಗ ಓಡೋದು. ಓದು ಬರಹ ಕಲಿಯೋಕೆ ಬಿಡಲಿಲ್ಲ. ಹಾಗಾಗಿ ಕಾಗದದಲ್ಲಿ ಏನಿದೆ ಅಂತ ತಿಳಿಯದೇನೇ ಹೆಬ್ಬೆಟ್ಟು ಒತ್ತಬೇಕಾಯಿತು. ಬರೆಯುವವ ಒಳ್ಳೆಯವನಾದರೆ ಹೊಲ ಉಳೀತು, ಇಲ್ಲಾಂದ್ರೆ ಹೋಯಿತು. ನ್ಯಾಯ ಅನ್ನೋದು ಒಬ್ಬನ ಮರ್ಜಿ ಆಗಿತ್ತು.

ಆ ಕಾಲದಲ್ಲೇ ಹೈದರಾಬಾದಿನ ಭಾಗ್ಯರೆಡ್ಡಿ ವರ್ಮ 1906ರಲ್ಲಿ ಜಗನ್ ಮಿತ್ರ ಮಂಡಳಿ ಕಟ್ಟಿದರು. ಮುಂದೆ ನಮ್ಮ ಮಕ್ಕಳಿಗಾಗಿ ಶಾಲೆಗಳನ್ನು ತೆರೆದು, ಮನೆಯ ಮಾತಾದ ತೆಲುಗಿನಲ್ಲೇ ಅಕ್ಷರ ಕಲಿಸಿದರು. ಓದೋಕೆ ಬಂದವನನ್ನು ಮೋಸ ಮಾಡೋದು ಅಷ್ಟು ಸುಲಭ ಅಲ್ಲ.

1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ನಾರಾಯಣಪೇಟೆ, ಮಕ್ತಲ್ ಮೊದಲಿನಿಂದಲೂ ಮಹಬೂಬನಗರ ಜಿಲ್ಲೆಯವು, ಅವೂ ಅತ್ತಲೇ ಹೋದವು. ಕಾಲ ಕಳೆದಂತೆ ಕಚೇರಿಯ ಬರಹ ಉರ್ದುವಿನಿಂದ ತೆಲುಗಿಗೆ ಬಂತು. ತೆಲುಗು ಮಾತಾಡುವ ಮನೆಗಳಿಗೆ ಅನುಕೂಲ ಆಯಿತು, ಕನ್ನಡದ ಮನೆಗಳಿಗೆ ಮತ್ತೊಂದು ಬಾರದ ಬರಹ ಎದುರಾಯಿತು. ಪಟವಾರಿ ಮನೆತನ ಮಾತ್ರ ಇದ್ದಲ್ಲೇ ಇತ್ತು. ಎನ್.ಟಿ. ರಾಮರಾವ್ ಸರ್ಕಾರ ಪಟೇಲ-ಪಟವಾರಿ ಪದ್ಧತಿ ತೆಗೆದುಹಾಕಿದ್ದು 1984ರಲ್ಲಿ.

ಇವತ್ತು ಏನಿದೆ? ಬಾಬಾಸಾಹೇಬರ ಮುಂದಾಳತ್ವದಲ್ಲಿ ರೂಪುಗೊಂಡ ಸಂವಿಧಾನದ 350ನೇ ವಿಧಿ ಪ್ರಕಾರ, ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ನಿಮ್ಮ ಕುಂದುಕೊರತೆಯ ಅರ್ಜಿ ಕೊಡಬಹುದು. 1989ರ ಎಸ್ಸಿ ಎಸ್ಟಿ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಬಂದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಅದರ 4ನೇ ಕಲಂ ಬಾಯಿಪಾಠ ಮಾಡಿಕೊಳ್ಳಿ. ಬಾಯಲ್ಲಿ ಹೇಳಿದ ದೂರನ್ನು ಠಾಣೆಯ ಅಧಿಕಾರಿ ಬರೆದುಕೊಂಡರೆ, ಸಹಿ ಹಾಕಿಸುವ ಮೊದಲು ಅದನ್ನು ಓದಿ ಹೇಳಬೇಕು. ಕೂಡಲೇ ಪ್ರತಿ ಕೊಡಬೇಕು. ಎಸ್ಸಿ ಎಸ್ಟಿಗೆ ಸೇರದ ಸರ್ಕಾರಿ ನೌಕರ ಬೇಕಂತಲೇ ಈ ಕರ್ತವ್ಯ ಬಿಟ್ಟರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು.

ನೋಡಿದ್ರಾ, ಹೆಬ್ಬೆಟ್ಟು ಒತ್ತಿದ ಹಿರಿಯರಿಗೆ ಸಿಗದೇ ಹೋದದ್ದು ಇದೇನೇ. ಓದಿ ಹೇಳೋದು ದಯೆ ಅಲ್ಲ, ಕೆಲಸದ ಧರ್ಮ. ಕೇಳುವವರಿಗೆ ತಿಳಿಯದ ಮಾತಿನಲ್ಲಿ ಓದಿದರೆ ಅದು ಓದಿದಂತೆಯೇ ಅಲ್ಲ.

ಇನ್ನೊಂದು ಮಾತು. ಇವತ್ತು ನಮ್ಮ ಓಣಿಯ ಮಕ್ಕಳೂ ಕಾನ್‌ಸ್ಟೇಬಲ್, ನರ್ಸ್, ಮೇಷ್ಟ್ರು, ಕಚೇರಿ ಗುಮಾಸ್ತರಾಗಿದ್ದಾರೆ, ಇನ್ನೂ ಆಗುತ್ತಾರೆ. ಈಗ ಪೆನ್ನು ನಮ್ಮ ಕೈಗೂ ಬಂದಿದೆ. ತಾಂಡಾದಿಂದ ಬಂದ ಲಂಬಾಣಿ ಅವ್ವ, ಉರ್ದು ಬಿಟ್ಟು ಬೇರೇನೂ ಬಾರದ ಮುದುಕ, ಬೇರೆ ರಾಜ್ಯದಿಂದ ದುಡಿಯೋಕೆ ಬಂದ ಕೂಲಿಯವ ನಿಮ್ಮ ಮೇಜಿನ ಮುಂದೆ ನಿಂತಾಗ ನೀವು ಪಟವಾರಿ ಆಗಬೇಡಿ. ಅವರು ಹೇಳಿದ್ದನ್ನೇ ಬರೀರಿ. ಮಾತು ತಿಳಿಯದಿದ್ದರೆ ತಿಳಿದವರನ್ನು ಕರೆಸಿ. ಬರೆದದ್ದನ್ನು ಓದಿ ಹೇಳಿ, ಆಮೇಲೆ ಸಹಿ ಕೇಳಿ. ನಮಗೆ ಬೇಕಾದ ನ್ಯಾಯ ನಮ್ಮ ಕೈಯಿಂದ ಇತರರಿಗೂ ಸಿಗಬೇಕು.

ಜೈ ಭೀಮ್.